ತಡೆದು ಬಿಡುವ ವಿದ್ಯೆ: ವಿದ್ಯುತ್ ಸ್ಪಂದ ಮಂಡಲಗಳ ಚರಿತ್ರೆ

ವಿದ್ಯುತ್ ಸ್ಪಂದವೆಂದರೆ ಅತ್ಯಲ್ಪ ಕಾಲ ಮಾತ್ರ ಹರಿದು ನಿಂತುಬಿಡುವ ವಿದ್ಯುತ್ತು. ಎಂಜಿನಿಯರುಗಳ ದಿನಬಳಕೆಯಲ್ಲಿ ಅದು ‘ಪಲ್ಸ್’. ಅದರ ಬಲವನ್ನು ನಿರ್ಧರಿಸುವುದು ಶಕ್ತಿಯ ಮೊತ್ತಕ್ಕಿಂತ ಹೆಚ್ಚಾಗಿ ಆ ಮೊತ್ತ ವೆಚ್ಚವಾಗಲು ಹಿಡಿಯುವ ಕಾಲ. 2 ಜೂಲ್ ಶಕ್ತಿ ಒಂದು ಸೆಕೆಂಡಿನಲ್ಲಿ ವೆಚ್ಚವಾದರೆ ಅದರ ದರ ಬರಿಯ 2 ವ್ಯಾಟ್, ಸಣ್ಣದೊಂದು ಎಲ್‌ಇಡಿ ದೀಪ ಉರಿಯುವಷ್ಟು. ಅಷ್ಟೇ ಶಕ್ತಿ ಒಂದು ಮೈಕ್ರೊಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲಿನಲ್ಲಿ, ವೆಚ್ಚವಾದರೆ ದರ 20 ಲಕ್ಷ ವ್ಯಾಟಿಗೇರುತ್ತದೆ. ನಿಧಾನವಾಗಿ ಕೂಡಿಟ್ಟು ಥಟ್ಟನೆ ಬಿಟ್ಟುಕೊಡುವ ಈ ವಿದ್ಯೆಗೆ ಕೂಡಿಡುವ ಪಾತ್ರೆಯೊಂದು ಬೇಕು, ಬಿಟ್ಟುಕೊಡುವ ಸ್ವಿಚ್ಚೊಂದು ಬೇಕು. ಕೆರೆ ಕಟ್ಟುವವರಿಗೆ ಏರಿಗಿಂತ ತೂಬು ಹೆಚ್ಚು ಚಿಂತೆಗೆ ಹಚ್ಚಿದಂತೆ ಇಲ್ಲಿಯೂ ಪಾತ್ರೆಗಿಂತ ಸ್ವಿಚ್ಚೇ ಕಠಿಣವಾಯಿತು. ಪಾತ್ರೆ 18ನೇ ಶತಮಾನದ ನಡುವಿನಲ್ಲೇ ದೊರಕಿತು. ಸ್ವಿಚ್ಚಿನ ಹುಡುಕಾಟ ಅಲ್ಲಿಂದಾಚೆ ಇನ್ನೂರು ವರ್ಷಕ್ಕೂ ಮೀರಿ ನಡೆಯಿತು. ಅದರಲ್ಲಿಯೂ ತೆರೆಯುವ ಕೆಲಸ ಬೇಗ ಕೈಗೆ ಹತ್ತಿತೇ ಹೊರತು, ಹರಿಯುತ್ತಿರುವುದನ್ನು ಬೇಕೆಂದ ಕ್ಷಣದಲ್ಲಿ ತಡೆಯುವ ಕೆಲಸ ಹತ್ತಲಿಲ್ಲ. ಸ್ಪಂದ ಮಂಡಲಗಳ, ಅಂದರೆ ಇಂಥ ಸ್ಪಂದಗಳನ್ನು ಹುಟ್ಟಿಸಿ ಹತೋಟಿಯಲ್ಲಿಡುವ ಸರ್ಕ್ಯೂಟುಗಳ, ಚರಿತ್ರೆಯ ಬಹುಪಾಲು ಈ ಒಂದು ಕೊರತೆಯ ಸುತ್ತ ಬೆಳೆದದ್ದು.

ಮೊದಲ ಪಾತ್ರೆಯೆಂದರೆ ಲೈಡನ್ ಜಾಡಿ. 1745ರಲ್ಲಿ ಪೊಮರೇನಿಯದ ಎವಾಲ್ಡ್ ಫಾನ್ ಕ್ಲೈಸ್ಟ್ ಮತ್ತು ಅದರ ಮರುವರ್ಷದ ಆರಂಭದಲ್ಲಿ ಡಚ್ ನಗರ ಲೈಡನ್ನಿನ ಪೀಟರ್ ಫಾನ್ ಮುಸೆನ್‌ಬ್ರೂಕ್, ಒಬ್ಬರಿಗೊಬ್ಬರು ತಿಳಿಯದೆ, ಗಾಜಿನ ಪಾತ್ರೆಯಲ್ಲಿ ವಿದ್ಯುತ್ತನ್ನು ಕೂಡಿಡಬಹುದೆಂದು ಕಂಡುಕೊಂಡರು. ಒಳಗೂ ಹೊರಗೂ ಲೋಹದ ತಗಡು ಹೊದಿಸಿದ ಈ ಜಾಡಿಯೇ ಇಂದಿನ ಕೆಪಾಸಿಟರಿನ, ಕನ್ನಡದ ಪಠ್ಯಪುಸ್ತಕಗಳು ಧಾರಕವೆಂದು ಕರೆಯುವ ಘಟಕದ, ಮೂಲರೂಪ. ಫ್ರಾನ್ಸಿನ ಪಾದ್ರಿ ನೊಲೆ ಹದಿನೈದನೆಯ ಲೂಯಿಯ ಸಮ್ಮುಖದಲ್ಲಿ 180 ಮಂದಿ ಕಾವಲುಭಟರನ್ನು ಕೈಕೈ ಹಿಡಿಸಿ ನಿಲ್ಲಿಸಿ, ಜಾಡಿಯೊಂದರ ವಿದ್ಯುತ್ತನ್ನು ಅವರ ಮೂಲಕ ಹಾಯಿಸಿ, ಎಲ್ಲರೂ ಒಟ್ಟಿಗೆ ನೆಗೆಯುವಂತೆ ಮಾಡಿದ ಪ್ರಸಂಗ ಪ್ರಸಿದ್ಧವಾಗಿದೆ. ಆ ಪ್ರಯೋಗದಲ್ಲಿ ಸ್ವಿಚ್ಚಿನ ಕೆಲಸ ಮಾಡಿದ್ದು ಸರಪಳಿಯ ಕೊನೆಯವನ ಬೆರಳು. ಅರಮನೆಯ ವಿನೋದಕ್ಕೆ ಅಷ್ಟು ಸಾಕಾಗಿತ್ತು.

ಬೆರಳಿನ ಜಾಗಕ್ಕೆ ಬಂದದ್ದು ಕಿಡಿ ಅಂತರ. ಎರಡು ಲೋಹದ ಗುಂಡುಗಳ ನಡುವೆ ಸ್ವಲ್ಪ ಗಾಳಿಯನ್ನು ಬಿಟ್ಟರೆ ಆ ಗಾಳಿ ಒಂದು ಮಿತಿಯವರೆಗೆ ವಿದ್ಯುತ್ತನ್ನು ತಡೆಹಿಡಿಯುತ್ತದೆ. ವೋಲ್ಟೇಜು ಮಿತಿಯನ್ನು ದಾಟಿದೊಡನೆ ಗಾಳಿಯ ಕಣಗಳು ಅಯಾನುಗಳಾಗಿ ಒಡೆದು, ತಡೆಯಾಗಿದ್ದದ್ದೇ ದಾರಿಯಾಗಿ ಕಿಡಿ ಹಾರುತ್ತದೆ. ಇಷ್ಟು ಸರಳವೂ ಅಗ್ಗವೂ ಆದ ಸ್ವಿಚ್ಚು ಇನ್ನೊಂದಿಲ್ಲ. ಆದರೆ ಒಮ್ಮೆ ಹಾರಿದ ಕಿಡಿ ತಾನಾಗಿ ಆರುವವರೆಗೆ ಯಾರ ಮಾತನ್ನೂ ಕೇಳುವುದಿಲ್ಲ. ಅಷ್ಟೇ ಅಲ್ಲದೆ ಕಣ್ಣಿಗೆ ಒಂದೇ ಮಿಂಚಾಗಿ ಕಾಣುವ ಕಿಡಿ ವಾಸ್ತವವಾಗಿ ಹಿಂದಕ್ಕೂ ಮುಂದಕ್ಕೂ ಹಲವು ಬಾರಿ ತೂಗಾಡುತ್ತ ಕ್ಷೀಣಿಸುವ ಪ್ರವಾಹ ಎಂಬುದನ್ನು 1842ರಲ್ಲಿ ಅಮೆರಿಕದ ಜೋಸೆಫ್ ಹೆನ್ರಿ ಊಹಿಸಿದ್ದನು, 1853ರಲ್ಲಿ ವಿಲಿಯಂ ಥಾಮ್ಸನ್ ಗಣಿತದಿಂದ ತೋರಿಸಿದನು ಮತ್ತು ಆ ದಶಕದ ಕೊನೆಯ ವರ್ಷಗಳಲ್ಲಿ ಜರ್ಮನಿಯ ವಿಲ್‌ಹೆಲ್ಮ್ ಫೆಡರ್‌ಸನ್ ತಿರುಗುವ ಕನ್ನಡಿಯ ನೆರವಿನಿಂದ ಕಣ್ಣಿಗೆ ಕಾಣಿಸಿದನು. ಹೈನ್‌ರಿಶ್ ಹರ್ಟ್ಸ್ 1887ರಲ್ಲಿ ರೇಡಿಯೊ ಅಲೆಗಳನ್ನು ಹುಟ್ಟಿಸಿದ್ದು ಈ ತೂಗಾಟದಿಂದಲೇ. ಅದನ್ನು ಅನುಸರಿಸಿ ಬೆಳೆದ ಕಿಡಿ ಟೆಲಿಗ್ರಾಫಿನ ಕಾಲದಲ್ಲಿ, ಆರಲು ತಡಮಾಡುವ ಕಿಡಿ ಬರುಬರುತ್ತ ದೊಡ್ಡ ಉಪದ್ರವವಾಯಿತು. ಮಾರ್ಕೋನಿಯ ಕೇಂದ್ರಗಳು ಹಲ್ಲುಗಳಿದ್ದ ಚಕ್ರವನ್ನು ವೇಗವಾಗಿ ತಿರುಗಿಸಿ, ಗುಂಡುಗಳನ್ನು ಒಂದರಿಂದೊಂದು ದೂರ ಸರಿಸಿಯೇ ಕಿಡಿಯನ್ನು ಹರಿದುಹಾಕುವ ಉಪಾಯ ಹೂಡಿದವು. 1906ರಲ್ಲಿ ಮಾಕ್ಸ್ ವೀನ್ ಲೋಹದ ಬಿಲ್ಲೆಗಳನ್ನು ತೀರ ಹತ್ತಿರ ಹತ್ತಿರ ಜೋಡಿಸಿ, ಬಿಲ್ಲೆಗಳೇ ಕಿಡಿಯ ಶಾಖವನ್ನು ಹೀರಿ ಅದನ್ನು ಬೇಗ ತಣಿಸುವಂತೆ ಮಾಡಿದನು. ತಡೆಯುವ ಸಮಸ್ಯೆಗೆ ದೊರೆತ ಮೊದಲ ಪರಿಹಾರಗಳೆಂದು ಇವೆರಡನ್ನು ಎಣಿಸಬೇಕು. ಎರಡರಲ್ಲಿಯೂ ತಡೆಯುತ್ತಿದ್ದದ್ದು ಯಂತ್ರದ ಚಲನೆ ಅಥವಾ ಲೋಹದ ತಂಪೇ ಹೊರತು ನಡೆಸುವವನ ಇಚ್ಛೆಯಾಗಿರಲಿಲ್ಲ.

ರೇಡಿಯೊ ಕ್ಷೇತ್ರ ನಿರ್ವಾತ ಕೊಳವೆಗಳತ್ತ, ಜನರ ಬಾಯಲ್ಲಿ ವಾಲ್ವುಗಳೆನಿಸಿದ ಸಾಧನಗಳತ್ತ, ತಿರುಗಿದ ಮೇಲೆಯೂ ಕಿಡಿ ಅಂತರಕ್ಕೆ ಬೇರೊಂದು ಆಶ್ರಯ ಸಿಕ್ಕಿತು. ದೂರದ ಊರುಗಳಿಗೆ ವಿದ್ಯುತ್ ಸಾಗಿಸುವ ತಂತಿಗಳು ಉದ್ದವಾದಂತೆಲ್ಲ ಸಿಡಿಲಿನ ಹೊಡೆತ ಹೆಚ್ಚಿತು. ಕಂಬದ ಮೇಲಿನ ಪಿಂಗಾಣಿ ಬಟ್ಟಲು ಸಿಡಿಲನ್ನು ತಡೆದೀತೇ ಎಂದು ತಿಳಿಯಲು ಮಳೆಗಾಲಕ್ಕೆ ಕಾಯುವುದು ಕಾರ್ಖಾನೆಗಳಿಗೆ ಸಾಧ್ಯವಿರಲಿಲ್ಲ. 1922ರಲ್ಲಿ ಅಮೆರಿಕದ ಸ್ಕೆನೆಕ್ಟಡಿಯಲ್ಲಿ ಚಾರ್ಲ್ಸ್ ಸ್ಟೈನ್‌ಮೆಟ್ಸ್ ಪ್ರಯೋಗಶಾಲೆಯೊಳಗೆ 1,20,000 ವೋಲ್ಟಿನ ಕೃತಕ ಸಿಡಿಲನ್ನು ಹೊಡೆಸಿದನು. ಆದರೆ ಈ ಕ್ಷೇತ್ರದಲ್ಲಿ ಉಳಿದದ್ದು ಜರ್ಮನಿಯ ಎರ್ವಿನ್ ಮಾರ್ಕ್ಸ್ 1923–24ರ ಸುಮಾರಿಗೆ ರೂಪಿಸಿದ ಮಂಡಲ. ಅವನ ಉಪಾಯ ಸೊಗಸಾದುದು: ಹಲವು ಕೆಪಾಸಿಟರುಗಳನ್ನು ಸಮಾಂತರವಾಗಿ, ಅಂದರೆ ಪ್ರತಿಯೊಂದಕ್ಕೂ ಒಂದೇ ವೋಲ್ಟೇಜು ಸಿಗುವಂತೆ, ನಿರೋಧಕಗಳ ಮೂಲಕ ನಿಧಾನವಾಗಿ ತುಂಬಿಸಿ, ಬಳಿಕ ಅವುಗಳ ನಡುವಿನ ಕಿಡಿ ಅಂತರಗಳು ಒಟ್ಟಿಗೆ ಹಾರಿದಾಗ ಅವೆಲ್ಲ ಒಂದರ ಹಿಂದೊಂದು ಸರಣಿಯಾಗಿ ಜೋಡಿಕೊಂಡು ವೋಲ್ಟೇಜುಗಳು ಕೂಡಿಕೊಳ್ಳುವಂತೆ ಮಾಡುವುದು. 1 ಲಕ್ಷ ವೋಲ್ಟಿನ ಹತ್ತು ಹಂತಗಳಿಂದ ಹತ್ತಿರ ಹತ್ತಿರ 10 ಲಕ್ಷ ವೋಲ್ಟು ಹುಟ್ಟುತ್ತದೆ, 1 ಲಕ್ಷಕ್ಕಿಂತ ಹೆಚ್ಚಿನ ವೋಲ್ಟೇಜಿನ ಮೂಲ ಎಲ್ಲಿಯೂ ಬೇಕಾಗುವುದಿಲ್ಲ. ಮೊದಲ ಅಂತರವೊಂದನ್ನು ಹಾರಿಸಿದರೆ ಸಾಕು, ಮಿಕ್ಕವುಗಳ ಮೇಲೆ ಬೀಳುವ ಭಾರ ಹೆಚ್ಚಿ ಅವು ತಾವಾಗಿ ಸಾಲಾಗಿ ಹಾರುತ್ತವೆ. 1.2 ಮೈಕ್ರೊಸೆಕೆಂಡಿನಲ್ಲಿ ಶಿಖರಕ್ಕೇರಿ 50 ಮೈಕ್ರೊಸೆಕೆಂಡಿನಲ್ಲಿ ಅರ್ಧಕ್ಕಿಳಿಯುವ ಅಲೆಯೇ ಪ್ರಮಾಣಿತ ಸಿಡಿಲೆಂದು ಮುಂದೆ ಜಗತ್ತು ಒಪ್ಪಿಕೊಂಡಿತು. 1960ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಕೇಂದ್ರ ವಿದ್ಯುತ್ ಸಂಶೋಧನಾ ಸಂಸ್ಥೆಯಂಥ ಪರೀಕ್ಷಾಲಯಗಳಲ್ಲಿ ಟ್ರಾನ್ಸ್‌ಫಾರ್ಮರುಗಳಿಗೂ ಇನ್ಸುಲೇಟರುಗಳಿಗೂ ಕೊಡುವ ಹೊಡೆತ ಮಾರ್ಕ್ಸನ ಈ ಮಂಡಲದಿಂದಲೇ ಬರುವಂಥದು. ಸಿಡಿಲಿನ ಅನುಕರಣೆಗೆ ನಿಲ್ಲಿಸುವ ಚಿಂತೆ ಇರಲಿಲ್ಲವೆಂಬುದೇ ಇದರ ಯಶಸ್ಸಿನ ಗುಟ್ಟು: ಕೂಡಿಟ್ಟದ್ದೆಲ್ಲ ಖಾಲಿಯಾಗಿ ಮುಗಿದರೆ ಸರಿ.

1920ರ ದಶಕದಲ್ಲಿಯೇ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಪ್ರಯೋಗಶಾಲೆಯಲ್ಲಿ ಆಲ್ಬರ್ಟ್ ಹಲ್ ಮತ್ತು ಅವನ ಸಂಗಡಿಗರು ಥೈರಟ್ರಾನ್ ಎಂಬ ಕೊಳವೆಯನ್ನು ಪಕ್ವಗೊಳಿಸಿದರು. ಸಾಮಾನ್ಯ ವಾಲ್ವಿನೊಳಗೆ ಗಾಳಿಯೇ ಇರುವುದಿಲ್ಲ. ಥೈರಟ್ರಾನಿನಲ್ಲಿ ಪಾದರಸದ ಆವಿಯನ್ನೋ ಬೇರೊಂದು ಅನಿಲವನ್ನೋ ಅತಿ ಕಡಿಮೆ ಒತ್ತಡದಲ್ಲಿ ತುಂಬಿರುತ್ತಾರೆ. ಬಿಸಿಯಾದ ಕ್ಯಾಥೋಡಿಗೂ ಆನೋಡಿಗೂ ನಡುವೆ ಇರುವ ಜಾಲರಿಗೆ ಕೆಲವೇ ವೋಲ್ಟುಗಳ ಸೂಚನೆ ಕೊಟ್ಟರೆ ಅನಿಲ ಹೊತ್ತಿಕೊಂಡು ಹತ್ತಾರು, ನೂರಾರು ಆಂಪಿಯರು ಹರಿಯತೊಡಗುತ್ತದೆ. ಕಿಡಿ ಅಂತರಕ್ಕೆ ಹೋಲಿಸಿದರೆ ಇದು ಹೇಳಿದ ಹೊತ್ತಿಗೆ ಸರಿಯಾಗಿ ಹಾರುವ ವಿಧೇಯ ಸ್ವಿಚ್ಚು. ಆದರೆ ಹೊತ್ತಿಕೊಂಡ ಮೇಲೆ ಅಯಾನುಗಳು ಜಾಲರಿಯನ್ನು ಮುತ್ತಿ ಅದರ ಅಧಿಕಾರವನ್ನೆಲ್ಲ ಅಳಿಸಿಹಾಕುತ್ತವೆ, ಹೊರಗಿನ ಮಂಡಲವೇ ಪ್ರವಾಹವನ್ನು ಸೊನ್ನೆಗಿಳಿಸುವವರೆಗೆ ಕೊಳವೆ ಆರುವುದಿಲ್ಲ. ಅಮೆರಿಕದ ಎಂಐಟಿ ವಿದ್ಯಾಲಯದ ಹೆರಾಲ್ಡ್ ಎಡ್ಜರ್ಟನ್ 1930ರ ದಶಕದಲ್ಲಿ ಕೆನೆತ್ ಜರ್ಮ್‌ಶೌಸನ್ ಮತ್ತು ಹರ್ಬರ್ಟ್ ಗ್ರಿಯರ್ ಜೊತೆಗೂಡಿ, ಕೆಪಾಸಿಟರನ್ನು ಅನಿಲದ ಕೊಳವೆಯ ಮೂಲಕ ಖಾಲಿಮಾಡಿ ಬೆಳಕಿನ ಸ್ಪಂದಗಳನ್ನು ಹುಟ್ಟಿಸಿ, ತಿರುಗುವ ಯಂತ್ರಗಳನ್ನೂ ಹಾರುವ ಗುಂಡುಗಳನ್ನೂ ಚಿತ್ರದಲ್ಲಿ ನಿಲ್ಲಿಸಿದನು. ಈ ಮೂವರ ಹೆಸರು ಮುಂದೆ ಮತ್ತೆ ಬರುತ್ತದೆ.

ಸ್ಪಂದ ಮಂಡಲಗಳನ್ನು ಪ್ರಯೋಗಶಾಲೆಯ ಮೇಜಿನಿಂದ ಕಾರ್ಖಾನೆಗೆ ತಂದದ್ದು ರೇಡಾರ್. 1935ರ ಫೆಬ್ರವರಿ 26ರಂದು ಇಂಗ್ಲೆಂಡಿನ ಡ್ಯಾವೆಂಟ್ರಿಯ ಬಳಿ ರಾಬರ್ಟ್ ವಾಟ್ಸನ್-ವಾಟ್ ತಂಡ ನಡೆಸಿದ ಪರೀಕ್ಷೆಯಲ್ಲಿ ಬಿಬಿಸಿಯ ನಿರಂತರ ಪ್ರಸಾರದ ಅಲೆಯನ್ನೇ ಬಳಸಲಾಗಿತ್ತು. ವಿಮಾನವಿದೆಯೆಂದು ಅದು ಹೇಳಬಲ್ಲುದಾಗಿತ್ತು, ಎಷ್ಟು ದೂರದಲ್ಲಿದೆಯೆಂದು ಹೇಳಲಾರದಾಗಿತ್ತು. ದೂರ ತಿಳಿಯಬೇಕಾದರೆ ಅಲೆಯನ್ನು ತುಣುಕಾಗಿ ಕಳಿಸಿ, ಅದರ ಪ್ರತಿಧ್ವನಿ ಮರಳುವವರೆಗಿನ ಕಾಲವನ್ನು ಅಳೆಯಬೇಕು. ಒಂದು ಕಿಲೋಮೀಟರು ಆಚೆಗಿರುವ ವಸ್ತುವಿನ ಪ್ರತಿಧ್ವನಿ ಸುಮಾರು 6.7 ಮೈಕ್ರೊಸೆಕೆಂಡಿನಲ್ಲಿ ಮರಳುತ್ತದೆ. ತುಣುಕು ಚಿಕ್ಕದಾದಷ್ಟೂ ಅಕ್ಕಪಕ್ಕದ ಎರಡು ವಸ್ತುಗಳನ್ನು ಬೇರ್ಪಡಿಸಿ ಕಾಣುವುದು ಸುಲಭ: ಒಂದು ಮೈಕ್ರೊಸೆಕೆಂಡಿನ ಸ್ಪಂದ 150 ಮೀಟರು ಅಂತರದ ಎರಡು ವಿಮಾನಗಳನ್ನು ಬೇರೆ ಬೇರೆಯಾಗಿ ತೋರಿಸಬಲ್ಲುದು. ಬ್ರಿಟನ್ನಿನ ಕರಾವಳಿಯ ಚೈನ್ ಹೋಮ್ ಕೇಂದ್ರಗಳು ಮೀಟರುಗಟ್ಟಲೆ ಉದ್ದದ ಅಲೆಗಳನ್ನು ಬಳಸಿ ಸೆಕೆಂಡಿಗೆ ಬರಿಯ 25 ಸ್ಪಂದಗಳನ್ನು ಕಳಿಸುತ್ತಿದ್ದವು, ಅವುಗಳ ಕಂಬಗಳು ನೂರು ಮೀಟರಿಗೂ ಎತ್ತರವಾಗಿದ್ದವು. ವಿಮಾನದ ಮೂತಿಯಲ್ಲಿ ಅಡಗುವ ರೇಡಾರಿಗೆ ಸೆಂಟಿಮೀಟರು ಲೆಕ್ಕದ ಅಲೆಗಳು ಬೇಕಿದ್ದವು. ಅವನ್ನು ಬಲವಾಗಿ ಹುಟ್ಟಿಸುವ ಕ್ಯಾವಿಟಿ ಮ್ಯಾಗ್ನೆಟ್ರಾನನ್ನು 1940ರ ಫೆಬ್ರವರಿ 21ರಂದು ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಜಾನ್ ರಾಂಡಲ್ ಮತ್ತು ಹ್ಯಾರಿ ಬೂಟ್ ಮೊದಲಬಾರಿಗೆ ನಡೆಸಿದರು. ಆ ವರ್ಷದ ಶರತ್ಕಾಲದಲ್ಲಿ ಬ್ರಿಟನ್ನಿನ ಟಿಜರ್ಡ್ ನಿಯೋಗ ಅದನ್ನು ಅಮೆರಿಕಕ್ಕೆ ಒಯ್ದಿತು, ಅದನ್ನು ಬಳಕೆಗೆ ತರಲೆಂದೇ ಎಂಐಟಿಯಲ್ಲಿ ರೇಡಿಯೇಶನ್ ಲ್ಯಾಬೊರೇಟರಿ ಆರಂಭವಾಯಿತು.

ಇಲ್ಲಿಯವರೆಗಿನ ಕಥೆ ರೇಡಾರಿನ ಪ್ರತಿಯೊಂದು ಪುಸ್ತಕದಲ್ಲಿಯೂ ಇದೆ, ಮ್ಯಾಗ್ನೆಟ್ರಾನಿಗೆ ಅವುಗಳಲ್ಲಿ ನಾಯಕನ ಪಟ್ಟ. ಆ ನಾಯಕನಿಗೆ ಉಣಿಸುವ ಪೆಟ್ಟಿಗೆಯ ವಿಷಯದಲ್ಲಿ ಮಾತ್ರ ಹೆಚ್ಚಿನವರು ಒಂದು ಸಾಲು ಬರೆದು ಮುಂದೆ ಹೋಗುತ್ತಾರೆ. ಮಾಡ್ಯುಲೇಟರ್ ಎಂದು ಕರೆಯಲಾಗುವ ಈ ಪೆಟ್ಟಿಗೆ ರೇಡಾರಿನ ತೂಕದಲ್ಲಿ ದೊಡ್ಡ ಪಾಲನ್ನು ನುಂಗುತ್ತಿತ್ತು, ಮತ್ತು ಅದರ ಮುಂದೆ ಇದ್ದ ಕೆಲಸ ನಿಜಕ್ಕೂ ವಿಚಿತ್ರವಾದುದು. ಮ್ಯಾಗ್ನೆಟ್ರಾನಿಗೆ 10,000 ವೋಲ್ಟಿಗೂ ಹೆಚ್ಚಿನ ಸ್ಪಂದ ಬೇಕು; ಆ ಸ್ಪಂದ ಥಟ್ಟನೆ ಏರಿ, ತಲೆ ಚಪ್ಪಟೆಯಾಗಿ ನಿಂತು, ಥಟ್ಟನೆ ಇಳಿಯಬೇಕು. ತಲೆ ಓರೆಯಾದರೆ ಮ್ಯಾಗ್ನೆಟ್ರಾನಿನ ಆವರ್ತಾಂಕ ಅಲುಗುತ್ತದೆ, ಕೆಲವೊಮ್ಮೆ ಅದು ತನ್ನ ಸರಿಯಾದ ಕಂಪನಕ್ರಮವನ್ನೇ ಬಿಟ್ಟು ಬೇರೊಂದಕ್ಕೆ ಜಿಗಿಯುತ್ತದೆ. ಇಂಥ ಆಯತಾಕಾರದ ಸ್ಪಂದಕ್ಕೆ ಸಾದಾ ಕೆಪಾಸಿಟರು ಒದಗುವುದಿಲ್ಲ, ಏಕೆಂದರೆ ಖಾಲಿಯಾಗುತ್ತ ಹೋದಂತೆ ಅದರ ವೋಲ್ಟೇಜು ಇಳಿಯುತ್ತಲೇ ಹೋಗುತ್ತದೆ.

ಒಂದು ದಾರಿಯೆಂದರೆ, ದೊಡ್ಡ ಕೆಪಾಸಿಟರನ್ನು ಇಟ್ಟುಕೊಂಡು, ಬಲವಾದ ನಿರ್ವಾತ ಕೊಳವೆಯನ್ನೇ ಸ್ವಿಚ್ಚಾಗಿ ಬಳಸಿ, ಕೂಡಿಟ್ಟದ್ದರಲ್ಲಿ ಒಂದಿಷ್ಟನ್ನು ಮಾತ್ರ ಬಿಟ್ಟು ಮತ್ತೆ ತಡೆಯುವುದು. ನಿರ್ವಾತ ಕೊಳವೆಯಲ್ಲಿ ಅಯಾನುಗಳಿಲ್ಲದ್ದರಿಂದ ಜಾಲರಿಯ ಅಧಿಕಾರ ಸದಾ ಉಳಿದಿರುತ್ತದೆ. ಆದ್ದರಿಂದ ಅದು ತಡೆಯಲೂ ಬಲ್ಲುದು. ಸ್ಪಂದದ ಅಗಲವನ್ನು ಬೇಕಾದಂತೆ ಬದಲಿಸುವ ಸ್ವಾತಂತ್ರ್ಯ ಇದರ ದೊಡ್ಡ ಗುಣ. ಆದರೆ ನೂರಾರು ಆಂಪಿಯರು ಹರಿಸಬಲ್ಲ ನಿರ್ವಾತ ಕೊಳವೆ ದೊಡ್ಡದು, ಬಿಸಿಯಾಗುವಂಥದು, ಒಳಗೇ ಸಾಕಷ್ಟು ವೋಲ್ಟೇಜನ್ನು ತಿಂದುಹಾಕುವಂಥದು. ಅದರ ಜಾಲರಿಯನ್ನು ನಡೆಸಲು ಇನ್ನೊಂದು ಸ್ಪಂದ ಮಂಡಲವೇ ಬೇಕಾಗುತ್ತಿತ್ತು.

ಇನ್ನೊಂದು ದಾರಿ ಹೆಚ್ಚು ಜಾಣತನದ್ದು. ತಡೆಯಲಾರದ ಸ್ವಿಚ್ಚಿನಿಂದಲೇ ಕೆಲಸ ತೆಗೆಯುವ ಯುಕ್ತಿ ಅದರಲ್ಲಿದೆ. ಉದ್ದನೆಯ ಕೇಬಲ್ಲೊಂದನ್ನು ತುಂಬಿಸಿಟ್ಟು ಅದರ ಒಂದು ತುದಿಯನ್ನು ಸರಿಹೊಂದುವ ಭಾರಕ್ಕೆ, ಅಂದರೆ ಕೇಬಲ್ಲಿನ ಸಹಜ ಪ್ರತಿರೋಧದಷ್ಟೇ ಪ್ರತಿರೋಧವಿರುವ ಘಟಕಕ್ಕೆ, ಜೋಡಿಸಿದರೆ, ಖಾಲಿಯಾಗುವ ಅಲೆ ದೂರದ ತುದಿಯವರೆಗೆ ಹೋಗಿ ಮರಳುವಷ್ಟು ಕಾಲ ಒಂದೇ ಮಟ್ಟದ ವೋಲ್ಟೇಜು ಹರಿದು, ಆಮೇಲೆ ಏನೂ ಉಳಿಯದೆ ನಿಂತುಬಿಡುತ್ತದೆ. ಸ್ಪಂದದ ಅಗಲವನ್ನು ಸ್ವಿಚ್ಚು ನಿರ್ಧರಿಸುವುದಿಲ್ಲ, ಪಾತ್ರೆಯೇ ನಿರ್ಧರಿಸುತ್ತದೆ. ಒಂದು ಮೈಕ್ರೊಸೆಕೆಂಡಿಗೆ ನೂರು ಮೀಟರಿನಷ್ಟು ಕೇಬಲ್ಲು ಬೇಕಾಗುವುದರಿಂದ ಅದನ್ನು ವಿಮಾನದಲ್ಲಿ ಹೊತ್ತೊಯ್ಯುವಂತಿರಲಿಲ್ಲ. ಅದರ ಬದಲಿಗೆ ಕೆಲವು ಸುರುಳಿಗಳನ್ನೂ ಕೆಪಾಸಿಟರುಗಳನ್ನೂ ಏಣಿಯಂತೆ ಹೆಣೆದು ಕೇಬಲ್ಲಿನ ನಡತೆಯನ್ನು ಅನುಕರಿಸುವ ಜಾಲವನ್ನು ಕಟ್ಟಲಾಯಿತು. ಸ್ಪಂದ ರೂಪಿಸುವ ಜಾಲ ಎಂದು ಹೆಸರಾದ ಇದರ ಗಣಿತವನ್ನು ಎಂಐಟಿಯ ಅರ್ನ್‌ಸ್ಟ್ ಗಿಲೆಮಿನ್ ಅಚ್ಚುಕಟ್ಟಾಗಿ ಬಿಡಿಸಿಕೊಟ್ಟನು.

ಒಂದು ಉದಾಹರಣೆಯನ್ನು ಲೆಕ್ಕ ಹಾಕಿ ನೋಡಿದರೆ ಈ ಜಾಲದ ಸ್ವಭಾವ ಸ್ಪಷ್ಟವಾಗುತ್ತದೆ. ಪ್ರತಿರೋಧ 50 ಓಮ್, ಸ್ಪಂದದ ಅಗಲ 1 ಮೈಕ್ರೊಸೆಕೆಂಡು ಬೇಕೆಂದರೆ ಜಾಲದ ಒಟ್ಟು ಕೆಪಾಸಿಟರು 0.01 ಮೈಕ್ರೊಫ್ಯಾರಡ್, ಒಟ್ಟು ಸುರುಳಿ 25 ಮೈಕ್ರೊಹೆನ್ರಿ. ಎರಡೂ ಅಂಗೈಯಲ್ಲಿ ಹಿಡಿಯುವಂಥ ಸಣ್ಣ ಮೌಲ್ಯಗಳು. ಜಾಲವನ್ನು 20,000 ವೋಲ್ಟಿಗೆ ತುಂಬಿಸಿದರೆ ಒಳಗಿರುವ ಶಕ್ತಿ 2 ಜೂಲ್. ಸ್ವಿಚ್ಚು ಹಾರಿದಾಗ ತುಂಬಿದ ವೋಲ್ಟೇಜಿನ ಅರ್ಧ ಮಾತ್ರ, ಅಂದರೆ 10,000 ವೋಲ್ಟು, ಭಾರಕ್ಕೆ ದಕ್ಕುತ್ತದೆ, ಏಕೆಂದರೆ ಮಿಕ್ಕ ಅರ್ಧ ಜಾಲದ ಒಳಪ್ರತಿರೋಧದ ಮೇಲೆ ನಿಲ್ಲುತ್ತದೆ. ಪ್ರವಾಹ 200 ಆಂಪಿಯರು, ದರ 20 ಲಕ್ಷ ವ್ಯಾಟ್. ಸೆಕೆಂಡಿಗೆ 500 ಬಾರಿ ಇದನ್ನು ಮಾಡಿದರೂ ಸರಾಸರಿ ವೆಚ್ಚ ಒಂದೇ ಕಿಲೊವ್ಯಾಟ್. ಅರ್ಧ ವೋಲ್ಟೇಜು ಕೈತಪ್ಪುವ ನಷ್ಟವನ್ನು ತುಂಬಿಸುವ ಹಂತದಲ್ಲಿಯೇ ಸರಿದೂಗಿಸಲಾಗುತ್ತಿತ್ತು: 10,000 ವೋಲ್ಟಿನ ಮೂಲದಿಂದ ದೊಡ್ಡ ಸುರುಳಿಯೊಂದರ ಮೂಲಕ ಜಾಲವನ್ನು ತುಂಬಿಸಿದರೆ, ಸುರುಳಿಯಲ್ಲಿ ಹರಿಯುವ ಪ್ರವಾಹ ತನ್ನ ಜಡತ್ವದಿಂದ ಮೂಲದ ಮಟ್ಟವನ್ನೂ ದಾಟಿ ಜಾಲವನ್ನು ಇಮ್ಮಡಿಗೆ ಏರಿಸುತ್ತದೆ, ಮತ್ತು ನಡುವೆ ಇರುವ ಡಯೋಡು ಅದು ಹಿಂದಕ್ಕೆ ಹರಿಯದಂತೆ ಹಿಡಿದಿಡುತ್ತದೆ. ಮ್ಯಾಗ್ನೆಟ್ರಾನಿನೊಳಗೆ ಎಂದಾದರೂ ಕಿಡಿ ಹಾರಿ ಭಾರ ಕುಸಿದರೆ ಮರಳುವ ಅಲೆ ಜಾಲವನ್ನು ವಿರುದ್ಧ ದಿಕ್ಕಿಗೆ ತುಂಬಿ, ಮುಂದಿನ ಸಲ ಜಾಲ ಇನ್ನೂ ಮೇಲಕ್ಕೇರಿ, ಕೆಲವೇ ಆವೃತ್ತಿಗಳಲ್ಲಿ ಏನಾದರೊಂದು ಸಿಡಿಯುತ್ತಿತ್ತು. ಅದಕ್ಕೂ ಅಡ್ಡಲಾಗಿ ಒಂದು ಡಯೋಡನ್ನು ಇಡಬೇಕಾಯಿತು.

ಅರ್ಧ ವೋಲ್ಟೇಜಿನ ಈ ನಷ್ಟಕ್ಕೆ ಇನ್ನೂ ಚೆಂದದ ಉತ್ತರ ಕೊಟ್ಟವನು ಇಎಂಐ ಕಂಪನಿಯ ಆಲನ್ ಬ್ಲಮ್‌ಲೀನ್. 1931ರಲ್ಲಿ ಸ್ಟೀರಿಯೊ ಧ್ವನಿಯ ಪೇಟೆಂಟಿಗೆ ಅರ್ಜಿ ಹಾಕಿದ್ದ ಈ ಎಂಜಿನಿಯರ್ ಹತ್ತು ವರ್ಷದ ಬಳಿಕ, 1941ರಲ್ಲಿ, ಒಂದರ ಬದಲು ಎರಡು ಸಾಲುಗಳನ್ನು ತುಂಬಿಸಿ, ಅವೆರಡರ ನಡುವೆ ಭಾರವನ್ನಿಟ್ಟು, ಒಂದು ಸಾಲಿನ ಹೊರತುದಿಯನ್ನು ಮಾತ್ರ ಸ್ವಿಚ್ಚಿನಿಂದ ಕೂಡಿಸುವ ಮಂಡಲವನ್ನು ಸೂಚಿಸಿದನು. ಒಂದು ಸಾಲಿನ ವೋಲ್ಟೇಜು ತಲೆಕೆಳಗಾಗಿ ಇನ್ನೊಂದರದಕ್ಕೆ ಕೂಡಿಕೊಂಡು, ತುಂಬಿದಷ್ಟೂ ವೋಲ್ಟೇಜು ಭಾರಕ್ಕೆ ದಕ್ಕುತ್ತದೆ. 1942ರ ಜೂನ್ 7ರಂದು, ನೆಲವನ್ನು ಚಿತ್ರದಂತೆ ತೋರಿಸುವ ಎಚ್2ಎಸ್ ರೇಡಾರನ್ನು ಪರೀಕ್ಷಿಸುತ್ತಿದ್ದ ಹ್ಯಾಲಿಫ್ಯಾಕ್ಸ್ ವಿಮಾನ ವೆಲ್ಷ್ ಬಿಕ್ನರ್ ಬಳಿ ನೆಲಕ್ಕಪ್ಪಳಿಸಿ ಅದರಲ್ಲಿದ್ದ 11 ಮಂದಿಯೂ ತೀರಿಕೊಂಡರು. ಅವರಲ್ಲಿ 38 ವರ್ಷದ ಬ್ಲಮ್‌ಲೀನನೂ ಇದ್ದನು. ಯುದ್ಧದ ಗುಟ್ಟು ಕಾಯುವ ಅಗತ್ಯದಿಂದಾಗಿ ಈ ಸಾವು ಆಗ ಸಾರ್ವಜನಿಕರಿಗೆ ತಿಳಿಯಲಿಲ್ಲ. ಇಂದು ಸ್ಪಂದ ಮಂಡಲಗಳ ಕಸುಬಿನವರು ಆ ಜೋಡುಸಾಲನ್ನು ‘ಬ್ಲಮ್‌ಲೀನ್’ ಎಂದಷ್ಟೇ ಕರೆಯುತ್ತಾರೆ, ಮನುಷ್ಯನ ಹೆಸರೆಂಬುದನ್ನು ಅನೇಕರು ಮರೆತೇ.

ಜಾಲವೇ ಸ್ಪಂದವನ್ನು ನಿಲ್ಲಿಸಿಕೊಡುವುದಾದರೂ ಮುಂದಿನ ಸ್ಪಂದದೊಳಗೆ ಸ್ವಿಚ್ಚು ಆರಿ ಸಿದ್ಧವಾಗಬೇಕಲ್ಲ. ಮೊದಮೊದಲು ಮೋಟರಿನ ಮೇಲೆ ತಿರುಗುವ ಕಿಡಿಚಕ್ರಗಳು ಬಳಕೆಗೆ ಬಂದವು: ಗದ್ದಲದವು, ಓಝೋನ್ ವಾಸನೆಯವು, ಆದರೆ ಗಟ್ಟಿಮುಟ್ಟಾದವು, ಅವುಗಳ ಕಿಡಿ ಹಾರುವ ಕ್ಷಣ ಮೈಕ್ರೊಸೆಕೆಂಡುಗಳ ಲೆಕ್ಕದಲ್ಲಿ ಹಿಂದುಮುಂದಾಗುತ್ತಿತ್ತು. ಬ್ರಿಟಿಷರ ವಿಮಾನ ರೇಡಾರುಗಳು ಟ್ರಿಗಟ್ರಾನ್ ಎಂಬ ಮೂರು ಧ್ರುವಗಳ ಕಿಡಿ ಅಂತರವನ್ನು ಬಳಸಿದವು. ಅದರ ಒಂದು ಧ್ರುವದ ನಡುವಿನ ತೂತಿನಲ್ಲಿ ತೆಳ್ಳನೆಯ ಕಡ್ಡಿಯಿದ್ದು, ಕಡ್ಡಿಯಿಂದ ಹಾರುವ ಸಣ್ಣ ಕಿಡಿ ದೊಡ್ಡ ಕಿಡಿಯನ್ನು ಕರೆದು ತರುತ್ತಿತ್ತು. ಪಾದರಸದ ಥೈರಟ್ರಾನ್ ಇಲ್ಲಿ ಸೋತಿತು. ಭಾರವಾದ ಪಾದರಸದ ಅಯಾನುಗಳು ನಿಧಾನವಾಗಿ ಚದರುತ್ತವೆ, ಆವಿಯ ಒತ್ತಡ ಹವೆಯ ಉಷ್ಣತೆಗೆ ತಕ್ಕಂತೆ ಏರಿಳಿಯುತ್ತದೆ. ಪ್ರವಾಹ ಥಟ್ಟನೆ ಏರುವಾಗ ಕೊಳವೆಯೊಳಗಿನ ವೋಲ್ಟೇಜು 30ನ್ನು ಮೀರಿದರೆ ಆ ಅಯಾನುಗಳು ಅಪ್ಪಳಿಸಿ ಕ್ಯಾಥೋಡಿನ ಲೇಪವನ್ನೇ ಕಿತ್ತುಹಾಕುತ್ತವೆ.

ಎಡ್ಜರ್ಟನ್ನನ ಸಂಗಡಿಗ ಜರ್ಮ್‌ಶೌಸನ್ ಯುದ್ಧಕಾಲದಲ್ಲಿ ಪಾದರಸದ ಬದಲು ಹೈಡ್ರೊಜನ್ ತುಂಬಿದ ಥೈರಟ್ರಾನನ್ನು ಕೆಲಸಕ್ಕೆ ಬರುವಂತೆ ಮಾಡಿದನು. ಎಲ್ಲಕ್ಕಿಂತ ಹಗುರವಾದ ಈ ಅನಿಲದ ಅಯಾನುಗಳು ಬೇಗ ಚದರುತ್ತವೆ, ಅವುಗಳ ಪೆಟ್ಟನ್ನು ಕ್ಯಾಥೋಡು ಕೆಲವು ನೂರು ವೋಲ್ಟುಗಳವರೆಗೂ ತಾಳಿಕೊಳ್ಳುತ್ತದೆ. 5ಸಿ22 ಎಂಬ ಸಂಖ್ಯೆಯ ಕೊಳವೆ 16,000 ವೋಲ್ಟನ್ನು ತಡೆಹಿಡಿದು 325 ಆಂಪಿಯರನ್ನು ಹರಿಸಬಲ್ಲುದಾಗಿತ್ತು. ಇದಕ್ಕೂ ಒಂದು ಕಾಯಿಲೆಯಿತ್ತು: ಬಿಸಿ ಲೋಹದ ಭಾಗಗಳು ಹೈಡ್ರೊಜನ್ನನ್ನು ಮೆಲ್ಲಗೆ ಹೀರಿಕೊಂಡು ಕೊಳವೆ ಬರಿದಾಗುತ್ತಿತ್ತು, ಮುಂದೆ ಟೈಟೇನಿಯಂ ಹೈಡ್ರೈಡಿನ ಸಣ್ಣ ಕಣಜವೊಂದನ್ನು ಒಳಗೇ ಇಟ್ಟು, ಅದನ್ನು ಕಾಯಿಸಿ, ಕಳೆದುಹೋದಷ್ಟು ಅನಿಲವನ್ನು ಮರಳಿ ತುಂಬುವ ಏರ್ಪಾಡು ಬಂತು. ರೇಡಿಯೇಶನ್ ಲ್ಯಾಬೊರೇಟರಿ 1945ರ ಕೊನೆಯ ದಿನ ಬಾಗಿಲು ಮುಚ್ಚಿದಾಗ ತನ್ನ ಅರಿವನ್ನೆಲ್ಲ 28 ಸಂಪುಟಗಳಲ್ಲಿ ಬಿಟ್ಟುಹೋಯಿತು; ಗ್ಲಾಸೊ ಮತ್ತು ಲೆಬಾಕ್ ಸಂಪಾದಿಸಿದ, ‘ಪಲ್ಸ್ ಜನರೇಟರ್ಸ್’ ಎಂಬ ಐದನೆಯ ಸಂಪುಟ 1948ರಲ್ಲಿ ಅಚ್ಚಾಯಿತು. ಅದರಾಚೆಗೆ ದಶಕಗಟ್ಟಲೆ ಈ ವಿಷಯದ ವಿದ್ಯಾರ್ಥಿಗಳು ಬೇರೆ ಪುಸ್ತಕವನ್ನು ಹುಡುಕಬೇಕಾಗಲಿಲ್ಲ. ಆ ಲೆಬಾಕ್‌ನೇ ಮುಂದೆ ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡಿನಲ್ಲಿ 3 ಕಿಲೋಮೀಟರು ಉದ್ದದ ಎಲೆಕ್ಟ್ರಾನ್ ವೇಗವರ್ಧಕಕ್ಕೆ ಕ್ಲೈಸ್ಟ್ರಾನುಗಳನ್ನು, ಅಂದರೆ ಮೈಕ್ರೊವೇವ್ ಶಕ್ತಿಯನ್ನು ವರ್ಧಿಸುವ ಕೊಳವೆಗಳನ್ನು, ಒದಗಿಸುವ ತಂಡದ ಮುಖ್ಯಸ್ಥನಾದನು. 1966ರಲ್ಲಿ ನಡೆಯತೊಡಗಿದ ಆ ಯಂತ್ರದ ಸುಮಾರು 240 ಕ್ಲೈಸ್ಟ್ರಾನುಗಳಿಗೆ ಉಣಿಸಿದ್ದು ಅದೇ ಯುದ್ಧಕಾಲದ ಜಾಲ ಮತ್ತು ಥೈರಟ್ರಾನುಗಳ ಹಿಗ್ಗಿದ ರೂಪಗಳು, ಸೆಕೆಂಡಿಗೆ 360 ಬಾರಿಯವರೆಗೆ.

ಯುದ್ಧಾನಂತರದ ಇನ್ನೊಂದು ಕವಲು ಅಷ್ಟು ನಿರಪಾಯಕಾರಿಯಲ್ಲ. ಎಡ್ಜರ್ಟನ್, ಜರ್ಮ್‌ಶೌಸನ್, ಗ್ರಿಯರ್ 1947ರಲ್ಲಿ ತಮ್ಮ ಹೆಸರುಗಳ ಮೊದಲಕ್ಷರಗಳಿಂದ ಇಜಿ ಅಂಡ್ ಜಿ ಎಂಬ ಕಂಪನಿ ಕಟ್ಟಿ, ಅಮೆರಿಕದ ಅಣುಪರೀಕ್ಷೆಗಳ ಸಮಯಮಾಪನವನ್ನೂ ಛಾಯಾಗ್ರಹಣವನ್ನೂ ವಹಿಸಿಕೊಂಡರು. ಆ ಕಂಪನಿಯ ಕ್ರೈಟ್ರಾನ್ ಎಂಬ ಪುಟ್ಟ ಅನಿಲ ಕೊಳವೆ ಒಳಗೊಂದು ಸಣ್ಣ ಪ್ರವಾಹವನ್ನು ಸದಾ ಉರಿಸಿಟ್ಟುಕೊಂಡು, ಸೂಚನೆ ಬಂದೊಡನೆ ತೀರ ನಿಖರವಾದ ಕ್ಷಣದಲ್ಲಿ ಹಾರುತ್ತದೆ. ಫೋಟೊಕಾಪಿ ಯಂತ್ರದ ದೀಪಕ್ಕೂ ಅಣುಬಾಂಬಿನ ಸಿಡಿಮದ್ದಿಗೂ ಅದು ಒದಗುತ್ತಿದ್ದುದರಿಂದ ಅದರ ರಫ್ತಿಗೆ ಪರವಾನಗಿ ಬೇಕಾಯಿತು. 1980ರ ದಶಕದಲ್ಲಿ ಪಾಕಿಸ್ತಾನಕ್ಕೂ ಇಸ್ರೇಲಿಗೂ ಕ್ರೈಟ್ರಾನುಗಳನ್ನು ಪರವಾನಗಿಯಿಲ್ಲದೆ ಸಾಗಿಸಿದ ಅಥವಾ ಸಾಗಿಸಲೆತ್ನಿಸಿದ ಆರೋಪದ ಮೇಲೆ ಅಮೆರಿಕದ ನ್ಯಾಯಾಲಯಗಳಲ್ಲಿ ಮೊಕದ್ದಮೆಗಳು ನಡೆದವು. ಬ್ರಿಟನ್ನಿನ ಆಲ್ಡರ್‌ಮಾಸ್ಟನ್ ಅಣ್ವಸ್ತ್ರ ಕೇಂದ್ರದಲ್ಲಿ ಚಾರ್ಲಿ ಮಾರ್ಟಿನ್ 1960ರ ದಶಕದಲ್ಲಿ ಮಾರ್ಕ್ಸನ ಮಂಡಲದ ಹಿಂದೆ ಬ್ಲಮ್‌ಲೀನನ ಸಾಲನ್ನು ಕೂಡಿಸಿ, ಸ್ಫೋಟದ ಒಳಗನ್ನು ತೋರಿಸುವ ಕ್ಷಣಮಾತ್ರದ ಎಕ್ಸ್‌ರೇ ಯಂತ್ರಗಳನ್ನು ಕಟ್ಟಿದನು. ಅಮೆರಿಕದ ಸ್ಯಾಂಡಿಯಾ ಪ್ರಯೋಗಶಾಲೆಯ ‘ಝೀ’ ಯಂತ್ರ ಈ ವಂಶದ ಹಿರಿಯ ಕುಡಿ: 36 ಮಾರ್ಕ್ಸ್ ಮಂಡಲಗಳನ್ನು ಒಟ್ಟಿಗೆ ಹಾರಿಸಿ, ಹೊಮ್ಮಿದ ಸ್ಪಂದವನ್ನು ನೀರು ತುಂಬಿದ ಸಾಲುಗಳಲ್ಲಿ ಹಂತಹಂತವಾಗಿ ಕುಗ್ಗಿಸಿ, ಸುಮಾರು 100 ನ್ಯಾನೊಸೆಕೆಂಡಿನಲ್ಲಿ ಎರಡು ಕೋಟಿಗೂ ಹೆಚ್ಚು ಆಂಪಿಯರನ್ನು ನೂಲಿನಷ್ಟು ತೆಳುವಾದ ತಂತಿಗಳ ಗೂಡಿನ ಮೂಲಕ ಹಾಯಿಸುತ್ತದೆ.

ಇತ್ತ ಅರೆವಾಹಕಗಳ ಲೋಕದಲ್ಲಿ ತಡೆಯುವ ಸಮಸ್ಯೆ ಮತ್ತೆ ಮೊದಲಿನಿಂದ ಆರಂಭವಾಯಿತು. ಬೆಲ್ ಪ್ರಯೋಗಶಾಲೆಯವರು ನಾಲ್ಕು ಪದರಗಳ ಸಿಲಿಕಾನ್ ಸ್ವಿಚ್ಚಿನ ವಿವರವನ್ನು 1956ರಲ್ಲಿ ಪ್ರಕಟಿಸಿದ ಬಳಿಕ, 1957ರಲ್ಲಿ ಜನರಲ್ ಎಲೆಕ್ಟ್ರಿಕ್ ಎಂಜಿನಿಯರುಗಳು ಅದನ್ನು ದೊಡ್ಡ ಪ್ರವಾಹ ಹೊರುವ ಸಾಧನವಾಗಿ ಬೆಳೆಸಿದರು; ಇಂದು ಅದು ಥೈರಿಸ್ಟರ್. ಗೇಟಿಗೆ ಸಣ್ಣ ಸೂಚನೆ ಕೊಟ್ಟರೆ ಅದು ಹರಿಸುತ್ತದೆ, ಹರಿಸತೊಡಗಿದ ಮೇಲೆ ಗೇಟಿನ ಮಾತು ಕೇಳುವುದಿಲ್ಲ: ಥೈರಟ್ರಾನಿನ ಗುಣವೂ ಅವಗುಣವೂ ಎರಡೂ ಗಾಜಿನಿಂದ ಸಿಲಿಕಾನಿಗೆ ಇಳಿದುಬಂದಿದ್ದವು. ಕೆಪಾಸಿಟರನ್ನು ಪೂರ್ತಿ ಖಾಲಿಮಾಡುವ ಕೆಲಸಗಳಿಗೆ ಅದು ಸಾಕು. ಕೊಡಗು, ಹಾಸನ, ಚಾಮರಾಜನಗರದ ಕಡೆ ಆನೆ ತಡೆಯಲು ಹಾಕುವ ಸೋಲಾರ್ ಬೇಲಿಯ ಪೆಟ್ಟಿಗೆಯಲ್ಲಿ ಇರುವುದು ಸಾಮಾನ್ಯವಾಗಿ ಇದೇ ಮಂಡಲ: ಬ್ಯಾಟರಿಯಿಂದ ಕೆಲವು ನೂರು ವೋಲ್ಟಿಗೆ ತುಂಬಿದ ಕೆಪಾಸಿಟರನ್ನು ಥೈರಿಸ್ಟರು ಸುಮಾರು ಸೆಕೆಂಡಿಗೊಮ್ಮೆ ಟ್ರಾನ್ಸ್‌ಫಾರ್ಮರಿನ ಮೂಲಕ ಖಾಲಿಮಾಡಿ, ಕೆಲವು ಸಾವಿರ ವೋಲ್ಟಿನ ಕ್ಷಣಿಕ ಪೆಟ್ಟನ್ನು ತಂತಿಗೆ ಕಳಿಸುತ್ತದೆ. ಪೆಟ್ಟಿನಲ್ಲಿರುವ ಶಕ್ತಿ ಕೆಲವೇ ಜೂಲ್ ಆದ್ದರಿಂದ ನೋವಾಗುತ್ತದೆ, ಜೀವ ಹೋಗುವುದಿಲ್ಲ; ಮನೆಯ ವಿದ್ಯುತ್ತನ್ನು ನೇರವಾಗಿ ಬೇಲಿಗೆ ಹಾಯಿಸುವವರು ಕೊಲ್ಲುವುದು ಈ ಭೇದವನ್ನು ಅರಿಯದೆ, ಇಲ್ಲವೇ ಅರಿತೂ. ಮೋಟರಿನ ವೇಗವನ್ನು ಹತೋಟಿಯಲ್ಲಿಡುವಂಥ ಕಡೆ ಮಾತ್ರ, ಸೆಕೆಂಡಿಗೆ ಸಾವಿರಾರು ಬಾರಿ ಹರಿಸಿ ತಡೆದು ಸ್ಪಂದದ ಅಗಲವನ್ನು ಹಿಗ್ಗಿಸುತ್ತ ಕುಗ್ಗಿಸುತ್ತ ಹೋಗಬೇಕಾದಲ್ಲಿ, ಥೈರಿಸ್ಟರಿಗೆ ಬಲವಂತದ ಬೀಗ ಬೇಕಾಯಿತು: ತುಂಬಿದ ಇನ್ನೊಂದು ಕೆಪಾಸಿಟರನ್ನು ಇನ್ನೊಂದು ಥೈರಿಸ್ಟರಿನಿಂದ ಎದುರು ದಿಕ್ಕಿಗೆ ಹಾರಿಸಿ ಮೊದಲನೆಯದನ್ನು ಆರಿಸುವ ಮಂಡಲಗಳು. ಅವು ಭಾರವಾಗಿದ್ದವು, ಸದ್ದು ಮಾಡುತ್ತಿದ್ದವು, ಒಮ್ಮೆ ತಪ್ಪಿದರೆ ಫ್ಯೂಸು ಹೋಗುತ್ತಿತ್ತು.

ಈ ಬೀಗವನ್ನು ಅನಗತ್ಯಗೊಳಿಸಿದ ಸಾಧನ ಐಜಿಬಿಟಿ. ಅದರ ಮುಖ್ಯ ನಿರ್ಮಾತೃ ಬಂಟ್ವಾಳ ಜಯಂತ ಬಾಳಿಗ ಬೆಳೆದದ್ದು ಬೆಂಗಳೂರಿನ ಜಾಲಹಳ್ಳಿಯಲ್ಲಿ, 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ಪರಿಸರದಲ್ಲಿ. ಬಿಷಪ್ ಕಾಟನ್ ಶಾಲೆಯಲ್ಲಿ ಓದಿ, 1969ರಲ್ಲಿ ಮದ್ರಾಸಿನ ಐಐಟಿಯಿಂದ ಪದವಿ ಪಡೆದು, ಅಮೆರಿಕದಲ್ಲಿ ಡಾಕ್ಟರೇಟ್ ಮುಗಿಸಿ 1974ರಲ್ಲಿ ಅವರು ಸ್ಕೆನೆಕ್ಟಡಿಯ ಜನರಲ್ ಎಲೆಕ್ಟ್ರಿಕ್ ಸೇರಿದರು. ಥೈರಟ್ರಾನು ಪಕ್ವವಾದ, ಸ್ಟೈನ್‌ಮೆಟ್ಸ್ ಕೃತಕ ಸಿಡಿಲು ಹೊಡೆಸಿದ ಊರೇ ಅದು. ಮಾಸ್‌ಫೆಟ್ ಎಂಬ ಟ್ರಾನ್ಸಿಸ್ಟರಿನ ಗೇಟು ಪ್ರವಾಹವನ್ನು ಬೇಡದೆ ಬರಿಯ ವೋಲ್ಟೇಜಿನಿಂದ ನಡೆಯುತ್ತದೆ, ಆದರೆ ಹೆಚ್ಚಿನ ವೋಲ್ಟೇಜು ತಡೆಯುವಂತೆ ಕಟ್ಟಿದರೆ ಅದರ ಒಳಪ್ರತಿರೋಧ ವಿಪರೀತವಾಗುತ್ತದೆ. ಬೈಪೋಲಾರ್ ಟ್ರಾನ್ಸಿಸ್ಟರು ದೊಡ್ಡ ಪ್ರವಾಹವನ್ನು ಸುಲಭವಾಗಿ ಹೊರುತ್ತದೆ, ಆದರೆ ಅದನ್ನು ನಡೆಸಲು ಬಹಳ ಪ್ರವಾಹ ಬೇಕು. ಎರಡನ್ನೂ ಒಂದೇ ಸಿಲಿಕಾನ್ ಚೂರಿನಲ್ಲಿ ಬೆಸೆದಾಗ ನಾಲ್ಕು ಪದರಗಳು ಹುಟ್ಟಿಕೊಳ್ಳುತ್ತವೆ, ಅಂದರೆ ತಡೆಯಲಾರದ ಹಳೆಯ ಥೈರಿಸ್ಟರು ಒಳಗೇ ಅವಿತು ಕೂರುತ್ತದೆ. ಅದು ಎಚ್ಚರಗೊಳ್ಳದಂತೆ ಪದರಗಳನ್ನು ರೂಪಿಸುವುದರಲ್ಲಿಯೂ, ತಡೆದಾಗ ಒಳಗೆ ಉಳಿಯುವ ವಿದ್ಯುತ್ಕಣಗಳು ಬೇಗ ಅಳಿಯುವಂತೆ ಸಿಲಿಕಾನಿನ ಮೇಲೆ ಎಲೆಕ್ಟ್ರಾನುಗಳನ್ನು ಹಾಯಿಸುವುದರಲ್ಲಿಯೂ ಬಾಳಿಗರ ಕೆಲಸದ ಬಿಗಿಯಿದೆ. 1982ರಲ್ಲಿ ಅವರ ತಂಡ ಈ ಸಾಧನದ ವಿವರವನ್ನು ಪ್ರಕಟಿಸಿತು. ಅದೇ ಕಾಲದಲ್ಲಿ ಆರ್‌ಸಿಎ ಕಂಪನಿಯವರಿಗೂ ಇಂಥದೇ ರಚನೆಗೆ ಪೇಟೆಂಟು ದೊರೆತಿತ್ತು, ಮತ್ತು 1980ರ ದಶಕದ ನಡುವಿನಲ್ಲಿ ಜಪಾನಿನ ತೋಷಿಬಾ ಒಳಗಿನ ಥೈರಿಸ್ಟರನ್ನು ಪೂರ್ತಿಯಾಗಿ ಮಲಗಿಸಿದ ಮಾದರಿಯನ್ನು ತಂದಿತು. ಆದ್ದರಿಂದ ಇಡೀ ಕೀರ್ತಿಯನ್ನು ಒಬ್ಬರಿಗೇ ಕಟ್ಟುವುದು ಸರಿಯಾಗದು. ಆದರೂ ಇದು ಕಾರ್ಖಾನೆಯಲ್ಲಿ ಮಾಡಿ ಮಾರಬಲ್ಲ ವಸ್ತುವೆಂದು ಪಟ್ಟುಹಿಡಿದು ಸಾಧಿಸಿದವರಲ್ಲಿ ಬಾಳಿಗರೇ ಮುಂಚೂಣಿಯವರು. 2024ರಲ್ಲಿ ಫಿನ್‌ಲೆಂಡಿನ ಮಿಲೇನಿಯಂ ತಂತ್ರಜ್ಞಾನ ಪ್ರಶಸ್ತಿ ಅವರಿಗೆ ಸಂದಿತು.

ಐಜಿಬಿಟಿ ಮೆಟ್ರೊ ರೈಲಿಗೂ ವಿದ್ಯುತ್ ಕಾರಿಗೂ ಇಂಡಕ್ಷನ್ ಒಲೆಗೂ ಹೊಕ್ಕ ಸಂಗತಿ ಎಲ್ಲರಿಗೂ ತಿಳಿದದ್ದೇ. ರೇಡಾರ್ ಮತ್ತು ವೇಗವರ್ಧಕಗಳ ಮಾಡ್ಯುಲೇಟರಿಗೆ ಅದು ಬಂದದ್ದು ತಡವಾಗಿ, 1990ರ ದಶಕದ ಕೊನೆಯ ಹೊತ್ತಿಗೆ, ಏಕೆಂದರೆ ಒಂದು ಐಜಿಬಿಟಿ ಕೆಲವು ಸಾವಿರ ವೋಲ್ಟನ್ನಷ್ಟೇ ತಾಳುತ್ತದೆ. ಹತ್ತಾರು ಸಾಧನಗಳನ್ನು ಸಾಲಾಗಿ ಜೋಡಿಸಿದರೆ ಎಲ್ಲವೂ ಒಂದೇ ಕ್ಷಣಕ್ಕೆ ಹರಿಸಬೇಕು ಮತ್ತು ತಡೆಯಬೇಕು, ಹಿಂದುಳಿದ ಒಂದರ ಮೇಲೆ ಇಡೀ ವೋಲ್ಟೇಜು ಬಿದ್ದು ಅದು ಸುಟ್ಟುಹೋಗುತ್ತದೆ. ಆ ತೊಡಕು ಬಗೆಹರಿದಲ್ಲೆಲ್ಲ ಸ್ಪಂದ ರೂಪಿಸುವ ಜಾಲದ ಹಂಗು ತಪ್ಪಿದೆ: ದೊಡ್ಡ ಕೆಪಾಸಿಟರಿನಿಂದ ಬೇಕಾದಷ್ಟು ಅಗಲದ ತುಂಡನ್ನು ಕತ್ತರಿಸಿ ತೆಗೆಯಬಹುದು, ಕ್ಲೈಸ್ಟ್ರಾನಿನೊಳಗೆ ಕಿಡಿ ಹಾರಿದರೆ ಮೈಕ್ರೊಸೆಕೆಂಡುಗಳಲ್ಲಿ ತಡೆದು ಅದನ್ನು ಉಳಿಸಿಕೊಳ್ಳಬಹುದು. ಹಾಗೆಂದು ಹಳೆಯ ಸ್ವಿಚ್ಚುಗಳು ಕಣ್ಮರೆಯಾಗಿಲ್ಲ. 2009ರಲ್ಲಿ ಸ್ಟ್ಯಾನ್‌ಫರ್ಡಿನ ಹಳೆಯ ವೇಗವರ್ಧಕದ ಕೊನೆಯ ಮೂರನೆಯ ಒಂದು ಭಾಗವನ್ನು ಎಕ್ಸ್‌ರೇ ಲೇಸರಾಗಿ ಮಾರ್ಪಡಿಸಿದಾಗ, ಅದರ ಕ್ಲೈಸ್ಟ್ರಾನುಗಳಿಗೆ ಸೆಕೆಂಡಿಗೆ 120 ಸ್ಪಂದಗಳನ್ನು ಉಣಿಸಲು ಉಳಿಸಿಕೊಂಡದ್ದು ಜಾಲ ಮತ್ತು ಹೈಡ್ರೊಜನ್ ಥೈರಟ್ರಾನಿನ ಮಾಡ್ಯುಲೇಟರುಗಳನ್ನೇ. ಝೀ ಯಂತ್ರದ ಮುಖ್ಯ ಸ್ವಿಚ್ಚುಗಳಂತೂ ಇಂದಿಗೂ ಅನಿಲ ತುಂಬಿದ ಕಿಡಿ ಅಂತರಗಳು, ಅವುಗಳ ಕಿಡಿಯನ್ನು ಕರೆಯಲು ಕಡ್ಡಿಯ ಜಾಗದಲ್ಲಿ ಈಗ ಲೇಸರ್ ಕಿರಣವಿದೆ.